ಮಳೆಗಾಲಕ್ಕೆ ಮೀನು: ಫ್ರೀಝರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೇ ತಿಂಗಳು ಮುಗಿಯುತ್ತಾ ಬಂದಂತೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಅವಸರ ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದದ್ದು ಮತ್ತು ಹೊರಗಿನಿಂದ ಬಂದದ್ದು ಮಾತ್ರ ಮಾರುಕಟ್ಟೆಯಲ್ಲಿ ಸಿಗುತ್ತದೆ, ಬೆಲೆಯೂ ಏರುತ್ತದೆ. ಹಾಗಾಗಿ ಮೊದಲೇ ನಾಲ್ಕೈದು ಕಿಲೋ ತಂದು ಫ್ರೀಝರ್‌ಗೆ ತುಂಬಿಸುವವರು ಬಹಳ ಮಂದಿ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ.

ಕಳೆದ ವರ್ಷ ಹಾಗೆ ತುಂಬಿಸಿಟ್ಟ ಬಂಗುಡೆಯ ಸಾರು ಉಂಡು ಅರ್ಧ ಗಂಟೆಯಾಗುವಷ್ಟರಲ್ಲಿ ನನ್ನ ತಂಗಿಯ ಮುಖ ಕೆಂಪಾಯಿತು. ಮೈ ತುರಿಸತೊಡಗಿತು, ತಲೆನೋವು ಬಂತು. "ಇವಳಿಗೆ ಬಂಗುಡೆ ಆಗುವುದಿಲ್ಲ" ಎಂದರು ಉಮ್ಮ. ಆದರೆ ಹುಟ್ಟಿದಾಗಿನಿಂದ ಬಂಗುಡೆ ತಿಂದು ಬೆಳೆದವಳು ಅವಳು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಮೀನು ತಂದ ದಿನ ಎಷ್ಟು ಹೊತ್ತು ಹೊರಗಿತ್ತು?" ಆ ದಿನ ನಾವು ಮದುವೆಗೆ ಹೋಗಿದ್ದೆವು. ಬೆಳಿಗ್ಗೆ ತಂದ ಮೀನಿನ ತೊಟ್ಟೆ ಸಂಜೆಯವರೆಗೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಆಮೇಲೆ ಫ್ರೀಝರ್‌ಗೆ ಹಾಕಿ ನಿಶ್ಚಿಂತರಾಗಿದ್ದೆವು. ನಾವು ಎಲ್ಲಿ ತಪ್ಪಿದೆವು ಎಂದು ಹುಡುಕುತ್ತಾ ಹೋದಾಗ ಉತ್ತರದ ಅರ್ಧ ಭಾಗ ನಮ್ಮ ಪಠ್ಯಪುಸ್ತಕಗಳಲ್ಲೇ ಸಿಕ್ಕಿತು.

ಫ್ರೀಝರ್ ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಸಾಯುವುದೂ ಇಲ್ಲ. ಮೀನು ಕರಗಿದೊಡನೆ ಅವು ಮತ್ತೆ ಕೆಲಸ ಶುರು ಮಾಡುತ್ತವೆ. ಅಂದರೆ ಮೀನು ಯಾವ ಸ್ಥಿತಿಯಲ್ಲಿ ಒಳಗೆ ಹೋಯಿತೋ ಅದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ ಹೊರಗೆ ಬರುವುದಿಲ್ಲ.

ಬಂಗುಡೆ, ಬೂತಾಯಿ, ಕೇದರ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿರುತ್ತದೆ. ಮೀನು ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಇದ್ದರೆ ಕೆಲವು ಬ್ಯಾಕ್ಟೀರಿಯಾಗಳು ಇದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಹಿಸ್ಟಮಿನ್ ಒಮ್ಮೆ ಉಂಟಾದರೆ ಫ್ರೀಝರ್‌ನ ಚಳಿಗೂ ಹೋಗದು, ಒಲೆಯ ಬಿಸಿಗೂ ಹೋಗದು. ವಾಸನೆಯಿಂದಲೂ ಯಾವಾಗಲೂ ಗೊತ್ತಾಗದು. ತಂಗಿಗೆ ಆದದ್ದು ಇದೇ ಎಂದರು ವೈದ್ಯರು. ಹೆಚ್ಚಿನವರಿಗೆ ಇದು ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೇಗ ಹೆಪ್ಪುಗಟ್ಟಬೇಕು ಏಕೆ?

ಮೀನಿನಲ್ಲಿ ಶೇ. 70ರಿಂದ 80ರಷ್ಟು ನೀರೇ ಇರುತ್ತದೆ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು 30 ಕ್ಯಾಲೊರಿ ಶಾಖ ತೆಗೆದರೆ ಸಾಕು. ಅದೇ ನೀರನ್ನು ಮಂಜುಗಡ್ಡೆ ಮಾಡಲು ಇನ್ನೂ 80 ಕ್ಯಾಲೊರಿ ತೆಗೆಯಬೇಕು. ಭೌತಶಾಸ್ತ್ರದಲ್ಲಿ ನಾವು ಓದುವ ಗುಪ್ತೋಷ್ಣ ಇದೇ. ಹಾಗಾಗಿ ಮೀನು ಸೊನ್ನೆಗೆ ಬೇಗ ಇಳಿದರೂ, ಮೈನಸ್ 1ರಿಂದ ಮೈನಸ್ 5ರ ನಡುವೆ ಬಹಳ ಹೊತ್ತು ನಿಂತುಬಿಡುತ್ತದೆ. ಹೆಚ್ಚಿನ ನೀರು ಗಡ್ಡೆಯಾಗುವುದು ಇಲ್ಲಿಯೇ. ಈ ಹಂತ ನಿಧಾನವಾದಷ್ಟೂ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಒಡೆಯುತ್ತವೆ. ಕರಗಿಸುವಾಗ ತಟ್ಟೆಯಲ್ಲಿ ನೀರು ನಿಲ್ಲುವುದು, ಹುರಿದ ಮೀನು ಹತ್ತಿಯ ಹಾಗೆ ಇರುವುದು ಇದರಿಂದಲೇ.

ಇದನ್ನು ವ್ಯಾಪಾರಕ್ಕೆ ತಂದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. 1912ರ ನಂತರದ ವರ್ಷಗಳಲ್ಲಿ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ ಅವರು ಅಲ್ಲಿನ ಇನ್ಯೂಟ್ ಜನರನ್ನು ಗಮನಿಸಿದರು. ಅವರು ಹಿಡಿದ ಮೀನು ಆ ಕೊರೆಯುವ ಗಾಳಿಗೆ ಕ್ಷಣದಲ್ಲಿ ಕಲ್ಲಾಗುತ್ತಿತ್ತು. ತಿಂಗಳುಗಳ ನಂತರ ಕರಗಿಸಿದರೂ ಹೊಸ ಮೀನಿನ ರುಚಿಯೇ ಇರುತ್ತಿತ್ತು. 1920ರ ದಶಕದಲ್ಲಿ ಅವರು ಶೀತಲ ಲೋಹದ ತಟ್ಟೆಗಳ ನಡುವೆ ಆಹಾರವನ್ನು ಬೇಗ ಹೆಪ್ಪುಗಟ್ಟಿಸುವ ಯಂತ್ರ ರೂಪಿಸಿದರು. ನಮ್ಮ ಮನೆಯ ಫ್ರೀಝರ್‌ಗೆ ಆ ಶಕ್ತಿ ಇಲ್ಲ, ಆದರೆ ನಾವು ಅದಕ್ಕೆ ಸಹಾಯ ಮಾಡಬಹುದು.

ಮನೆಯಲ್ಲಿ ಮಾಡುವ ಕ್ರಮ

1. ಆರಿಸುವಾಗ ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಮೊದಲೇ ಫ್ರೀಝ್ ಮಾಡಿ ಕರಗಿಸಿದ ಮೀನೇ ಎಂದು ಮಾರುವವರನ್ನು ಕೇಳಿ. ಮನೆಗೆ ಬರುವ ದಾರಿಯಲ್ಲೂ ಮಂಜುಗಡ್ಡೆ ಜೊತೆಗಿರಲಿ.

2. ಮೀನು ಬಂದ ಮೇಲೆ ಬೇರೆ ಕೆಲಸ ಆಮೇಲೆ. ಕರುಳು, ಕಿವಿರು ತೆಗೆದು, ಬೆನ್ನೆಲುಬಿನ ಪಕ್ಕದ ರಕ್ತವನ್ನೂ ಉಜ್ಜಿ ತಣ್ಣೀರಿನಲ್ಲಿ ತೊಳೆಯಿರಿ. ನೀರು ಬಸಿದು, ಶುಚಿಯಾದ ಬಟ್ಟೆಯಲ್ಲಿ ಒರೆಸಿ.

3. ಉಪ್ಪು, ಮಸಾಲೆ ಹಚ್ಚಿ ತಿಂಗಳುಗಟ್ಟಲೆ ಇಡಬೇಡಿ. ಫ್ರೀಝರ್‌ನಲ್ಲಿ ಉಪ್ಪು ಮೀನಿನ ಕೊಬ್ಬನ್ನು ಬೇಗ ಕೆಡಿಸುತ್ತದೆ. ಮಸಾಲೆ ಹುರಿಯುವ ದಿನವೇ ಆಗಲಿ.

4. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದೊಂದು ಕವರಿನಲ್ಲಿ ಒಂದೇ ಪದರವಾಗಿ ಹರಡಿ. ದಪ್ಪ ಎರಡು ಪಟ್ಟಾದರೆ ಹೆಪ್ಪುಗಟ್ಟಲು ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ಐದು ಕಿಲೋ ಒಂದೇ ಡಬ್ಬದಲ್ಲಿ ತುರುಕಿದರೆ ನಡುವಿನ ಮೀನು ಬಹಳ ಹೊತ್ತು ಬೆಚ್ಚಗೇ ಇರುತ್ತದೆ.

5. ಕವರಿನ ಗಾಳಿ ಪೂರ್ತಿ ತೆಗೆಯಿರಿ. ಬಾಯಿಯನ್ನು ಮೇಲೆ ಹಿಡಿದು ಕವರನ್ನು ನೀರಿನ ಪಾತ್ರೆಯಲ್ಲಿ ನಿಧಾನವಾಗಿ ಇಳಿಸಿದರೆ ನೀರೇ ಗಾಳಿಯನ್ನು ಹೊರದಬ್ಬುತ್ತದೆ. ಗಾಳಿ ಉಳಿದರೆ ಮೀನಿನ ಮೇಲ್ಮೈಯ ಮಂಜು ನೇರವಾಗಿ ಆವಿಯಾಗಿ ಅಲ್ಲಲ್ಲಿ ಬಿಳಿ, ಒಣ ಕಲೆಗಳು ಏಳುತ್ತವೆ. ಗಟ್ಟಿಯಾದ ಮೀನನ್ನು ಐಸ್ ನೀರಿನಲ್ಲಿ ಒಮ್ಮೆ ಮುಳುಗಿಸಿ ಮತ್ತೆ ಫ್ರೀಝರ್‌ಗೆ ಇಟ್ಟರೆ ತೆಳುವಾದ ಮಂಜಿನ ಹೊದಿಕೆ ಬರುತ್ತದೆ. ಸಿಗಡಿ ರಫ್ತು ಮಾಡುವ ಕಾರ್ಖಾನೆಗಳಲ್ಲೂ ಹೀಗೆಯೇ ಮಾಡುತ್ತಾರೆ.

6. ಕವರಿನ ಮೇಲೆ ಮೀನಿನ ಹೆಸರು ಮತ್ತು ತಾರೀಕು ಬರೆಯಿರಿ.

ಎಷ್ಟು ದಿನ ಇಡಬಹುದು?

ಕೊಬ್ಬು ಹೆಚ್ಚಿರುವ ಬಂಗುಡೆ, ಬೂತಾಯಿಗಳಿಗೆ ಎರಡರಿಂದ ಮೂರು ತಿಂಗಳು. ಕಾಣೆ, ನಂಗ್‌ನಂತಹ ಕೊಬ್ಬು ಕಡಿಮೆ ಇರುವ ಮೀನುಗಳಿಗೆ ಸುಮಾರು ಆರು ತಿಂಗಳು. ಆಮೇಲೆ ರುಚಿ ಇಳಿಯುತ್ತಾ ಹೋಗುತ್ತದೆ. ಇದು ಮೈನಸ್ 18ರ ಲೆಕ್ಕ. ಒಂದೇ ಬಾಗಿಲಿನ ಫ್ರಿಜ್‌ಗಳ ಮೇಲಿನ ಪುಟ್ಟ ಖಾನೆ ಹಲವು ಬಾರಿ ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿಟ್ಟ ಐಸ್‌ಕ್ರೀಂ ಕಲ್ಲಿನಂತಾಗದೆ ಮೆತ್ತಗಿದ್ದರೆ, ಮೀನನ್ನು ಒಂದೆರಡು ವಾರದೊಳಗೆ ಮುಗಿಸುವುದೇ ಒಳ್ಳೆಯದು.

ಮಳೆಗಾಲದ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ಪ್ರತ್ಯೇಕ ಬಾಗಿಲಿನ ತುಂಬಿದ ಫ್ರೀಝರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದಿಡುತ್ತದೆ. ಊರಿಗೆ ಹೋಗುವಾಗ ಒಂದು ಲೋಟ ನೀರನ್ನು ಗಡ್ಡೆ ಮಾಡಿ, ಅದರ ಮೇಲೆ ಒಂದು ನಾಣ್ಯ ಇಟ್ಟುಹೋಗಿ. ಹಿಂತಿರುಗಿದಾಗ ನಾಣ್ಯ ತಳ ಸೇರಿದ್ದರೆ, ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಆ ಮೀನು ಬೇಡ.

ಕರಗಿಸುವುದೂ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ, ರಾತ್ರಿಯಿಡೀ. ಅವಸರವಿದ್ದರೆ ಕವರಿನ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಕಟ್ಟೆಯ ಮೇಲೆ ಬಿಟ್ಟರೆ ಹೊರಭಾಗ ಬೆಚ್ಚಗಾಗಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹಾಗೆ ಹೊರಗೆ ಕರಗಿದ್ದನ್ನು ಮತ್ತೆ ಫ್ರೀಝ್ ಮಾಡಲೇಬಾರದು.

ಈ ವರ್ಷ ಉಮ್ಮ ಹೊಸ ನಿಯಮ ಮಾಡಿದ್ದಾರೆ. ಮದುವೆ, ಪೇಟೆ ಇರುವ ದಿನ ಮೀನು ತರುವಂತಿಲ್ಲ. ತಂದದ್ದು ಖಾನೆಯಲ್ಲಿ ಹಿಡಿಯುವಷ್ಟೇ ಇರಬೇಕು. ಇಸ್ರಾಫ್, ಅಂದರೆ ಪೋಲು ಮಾಡುವುದು, ನಮ್ಮ ದೀನ್ ಒಪ್ಪದ ಕೆಲಸ. ಅತಿಯಾಸೆಯಿಂದ ತುಂಬಿಸಿ, ಆಗಸ್ಟ್‌ನಲ್ಲಿ ಹೊಸ ಮೀನು ಬಂದಾಗ ಹಳೆಯದನ್ನು ಎಸೆಯುವುದೂ ಪೋಲೇ ತಾನೇ? ಹೆಚ್ಚಾದದ್ದು ಈಗ ತಾಜಾ ಇರುವಾಗಲೇ ನೆರೆಮನೆಗೆ ಹೋಗುತ್ತದೆ. ತಂಗಿ ಮತ್ತೆ ಬಂಗುಡೆ ತಿನ್ನುತ್ತಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ಕವರುಗಳ ಮೇಲೆ ತಾರೀಕು ಬರೆಯುವ ಕೆಲಸವೂ ಅವಳದ್ದೇ.