ಶಾಸನದ ತಿಥಿಯೂ ಜಾಲತಾಣದ ನಮೂನೆಯೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ೯ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇವನ್ನು ಹಲವರು ಕೂಡಿ ಬರೆಯುವ ವಿಕಿಪೀಡಿಯಕ್ಕೆ ಸೇರಿಸುವವರಿಗೆ ಒಂದು ತೊಡಕುಂಟು. ಟೆಂಪ್ಲೇಟು ಎಂಬ ಸಿದ್ಧ ನಮೂನೆಯಲ್ಲಿ ಮೊದಲೇ ವಿಧಿಸಿದ ಅಂಕಣಗಳಷ್ಟೇ ಪುಟದಲ್ಲಿ ಕಾಣುವುವು. ಅಲ್ಲಿಲ್ಲದ ‘ಸಂವತ್ಸರ’ವನ್ನು ನಾವೇ ತುಂಬಿದರೆ ಅದು ಒಳಗಿನ ಬರಹದಲ್ಲುಳಿದರೂ ವಾಚಕರಿಗೆ ತೋರದು.

ಗತಶಕಕ್ಕೆ ೭೮ ಕೂಡಿಸಿ ಇಸವಿಯನ್ನು ಬರೆದು ಸುಮ್ಮನಾಗುವುದು ಸುಲಭ. ಆದರೆ ಮಾಘ, ಫಾಲ್ಗುಣಗಳ ತಿಥಿಗಳಿಗೆ ೭೯ ಬೇಕು. ಅದಕ್ಕಿಂತ ದೊಡ್ಡ ನಷ್ಟವೊಂದಿದೆ: ಶಕವೂ ಸಂವತ್ಸರವೂ ಹೊಂದದಿದ್ದಲ್ಲಿ ಶಾಸನವು ಕೂಟವೇ ಎಂದು ಶಂಕಿಸುವೆವಷ್ಟೆ, ಆ ಸಾಕ್ಷ್ಯವೇ ಇಲ್ಲವಾಗುತ್ತದೆ.

ಆದುದರಿಂದ ಅಂಕಣದಲ್ಲಿ ಇಸವಿಯನ್ನಿಟ್ಟು, ಶಾಸನೋಕ್ತ ಶಕ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಲೇಖನದ ಮೊದಲಲ್ಲೇ ಮೂಲದ ಮಾತಿನಲ್ಲಿ ಕೊಡತಕ್ಕದ್ದು. ನಮೂನೆಯನ್ನೇ ತಿದ್ದಬಹುದು; ಆದರೆ ಅದನ್ನು ಬಳಸಿದ ಪುಟಗಳೆಲ್ಲವೂ ಬದಲಾಗುವುದರಿಂದ ಮೊದಲು ಚರ್ಚಾಪುಟದಲ್ಲಿ ಇತರರನ್ನು ಕೇಳಬೇಕಾಗುತ್ತದೆ.