ಎರಡು ಅಮೇರಿಕನ್ ಸಣ್ಣ ಕಥೆಗಳು

ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಓದಿಸುವ ಇಂಗ್ಲಿಷ್ ಸಣ್ಣ ಕಥೆಗಳಲ್ಲಿ ಎರಡು ಅಮೇರಿಕ ದೇಶದವು. ಒಂದು, ವಿಲಿಯಂ ಸಿಡ್ನಿ ಪೋರ್ಟರನು ಓ. ಹೆನ್ರಿ ಎಂಬ ಹೆಸರಿನಿಂದ 1905ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ‘ಜೋಯಿಸರ ಕಾಣಿಕೆ’. ಇನ್ನೊಂದು, ಕೇಟ್ ಶೋಪ್ಯಾನ್ ಎಂಬಾಕೆಯು 1894ರಲ್ಲಿ ಬರೆದ ‘ಒಂದು ತಾಸಿನ ಕಥೆ’. ಮೊದಲನೆಯದನ್ನು ತಂದೆತಾಯಿಗಳೆಲ್ಲರೂ ಮೆಚ್ಚುತ್ತಾರೆ. ಎರಡನೆಯದರ ವಿಷಯದಲ್ಲಿಯಾದರೋ, ಗಂಡನು ಸತ್ತನೆಂದು ಕೇಳಿ ಹೆಂಡತಿಯು ಒಳಗೊಳಗೆ ಹಿಗ್ಗುವ ಕಥೆಯನ್ನು ಹೆಣ್ಣುಮಕ್ಕಳಿಗೆ ಏಕೆ ಕಲಿಸುತ್ತೀರಿ ಎಂದು ತಾಯಿಯೊಬ್ಬರು ನನ್ನನ್ನು ಕೇಳಿದ್ದುಂಟು. ಪ್ರಶ್ನೆಯು ನ್ಯಾಯವಾದದ್ದೇ. ಎರಡು ಕಥೆಗಳ ಅಂಗಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರೆ ಅದಕ್ಕೆ ಉತ್ತರ ದೊರೆಯುವದೆಂದು ನಂಬಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಕಥಾಸಂವಿಧಾನ. ಕ್ರಿಸ್ತಜಯಂತಿಯ ಹಿಂದಿನ ದಿನ ಡೆಲ್ಲಾ ಎಂಬ ಬಡ ಗೃಹಿಣಿಯ ಕೈಯಲ್ಲಿರುವದು 1 ಡಾಲರು 87 ಸೆಂಟು ಮಾತ್ರ. ಆ ದಂಪತಿಗಳಿಗೆ ಹೆಮ್ಮೆಯ ವಸ್ತುಗಳು ಎರಡೇ: ಅಜ್ಜನಿಂದ ತಂದೆಗೂ ತಂದೆಯಿಂದ ಜಿಮ್ಮನಿಗೂ ಬಂದ ಚಿನ್ನದ ಗಡಿಯಾರ, ಮತ್ತು ಮೊಣಕಾಲಿನ ಕೆಳಗಿನವರೆಗೂ ಇಳಿಬಿದ್ದ ಡೆಲ್ಲಾಳ ಕೂದಲು. ಆಕೆಯು ಕೂದಲನ್ನು 20 ಡಾಲರಿಗೆ ಮಾರಿ, 21 ಡಾಲರು ತೆತ್ತು ಗಂಡನ ಗಡಿಯಾರಕ್ಕೆ ಪ್ಲಾಟಿನಮ್ಮಿನ ಸರಪಣಿಯನ್ನು ಕೊಳ್ಳುತ್ತಾಳೆ. ಜಿಮ್ಮನಾದರೋ ಗಡಿಯಾರವನ್ನೇ ಮಾರಿ ಆಕೆಯ ಕೂದಲಿಗೆ ಆಮೆಚಿಪ್ಪಿನ ಬಾಚಣಿಗೆಗಳನ್ನು ತಂದಿರುತ್ತಾನೆ.

ಎರಡನೆಯ ಕಥೆಯಲ್ಲಿ ಮಿಸೆಸ್ ಮ್ಯಾಲರ್ಡಳು ಹೃದಯದ ಬೇನೆಯುಳ್ಳವಳು. ರೈಲಿನ ಅಪಘಾತದಲ್ಲಿ ಗಂಡನು ಮಡಿದನೆಂಬ ಸುದ್ದಿಯನ್ನು ಸಹೋದರಿಯು ಆಕೆಗೆ ಮೆಲ್ಲನೆ ತಿಳಿಸುತ್ತಾಳೆ. ಆಕೆಯು ಒಡನೆಯೇ ಬಿಕ್ಕಿ ಅತ್ತು, ಬಳಿಕ ಒಬ್ಬಳೇ ಕೋಣೆಯೊಳಕ್ಕೆ ಹೋಗಿ ಕೂಡ್ರುತ್ತಾಳೆ. ಅಲ್ಲಿ, ಇನ್ನು ಮುಂದಿನ ದಿವಸಗಳು ತನ್ನವೇ ಎಂಬ ಎಣಿಕೆಯು ಆಕೆಯಲ್ಲಿ ಹುಟ್ಟುತ್ತದೆ. ಆಕೆಯು ಮೆಟ್ಟಲಿಳಿದು ಬರುವಷ್ಟರಲ್ಲಿ ಗಂಡನು ಬಾಗಿಲನ್ನು ತೆರೆದು ಒಳಗೆ ಬರುತ್ತಾನೆ. ಅವನು ಅಪಘಾತದ ಸ್ಥಳದಿಂದ ದೂರದಲ್ಲಿದ್ದನು. ಆಕೆಯು ಅಲ್ಲಿಯೇ ಪ್ರಾಣ ಬಿಡುತ್ತಾಳೆ. ಸಂತೋಷದ ಹೊಡೆತದಿಂದ ಸತ್ತಳೆಂದು ವೈದ್ಯರು ಹೇಳುತ್ತಾರೆ.

ದೇಶಕಾಲಗಳಲ್ಲಿ ಇವೆರಡಕ್ಕೂ ಹೋಲಿಕೆಯುಂಟು. ಎರಡೂ ಕೆಲವೇ ತಾಸುಗಳ ಸಂಗತಿ. ಎರಡರ ಮುಖ್ಯ ಪ್ರಸಂಗವೂ ನಡೆಯುವದು ಮನೆಯೊಳಗೆ. ಎರಡರಲ್ಲಿಯೂ ಒಂದು ಕಿಟಕಿಯಿದೆ. ವಾರಕ್ಕೆ 8 ಡಾಲರು ಬಾಡಿಗೆಯ ಮನೆಯ ಕಿಟಕಿಯಿಂದ ಡೆಲ್ಲಾಳಿಗೆ ಕಾಣುವದು ಬೂದುಬಣ್ಣದ ಹಿತ್ತಿಲು, ಬೇಲಿಯ ಮೇಲೊಂದು ಬೂದು ಬೆಕ್ಕು. ಮಿಸೆಸ್ ಮ್ಯಾಲರ್ಡಳಿಗಾದರೋ ವಸಂತದ ಚಿಗುರು, ಮಳೆಯ ವಾಸನೆ, ಗುಬ್ಬಿಗಳ ಸದ್ದು, ದೂರದ ಹಾಡು. ಒಬ್ಬಳಿಗೆ ಹೊರಗೆ ಬಡತನ, ಒಳಗೆ ಐಶ್ವರ್ಯ. ಇನ್ನೊಬ್ಬಳಿಗೆ ಜೀವಕಳೆಯೆಲ್ಲವೂ ಕಿಟಕಿಯ ಆಚೆಗೆ. ಕಥೆಗಾರರು ಬಾಯಿಬಿಟ್ಟು ಹೇಳದ್ದನ್ನು ಈ ಕಿಟಕಿಗಳು ಹೇಳುತ್ತವೆ.

ಪಾತ್ರಗಳ ಹೆಸರುಗಳನ್ನೂ ಗಮನಿಸಬೇಕು. ಡೆಲ್ಲಾ ಮೊದಲಿನಿಂದಲೂ ಡೆಲ್ಲಾಳೇ. ಮ್ಯಾಲರ್ಡನ ಹೆಂಡತಿಗೆ ಲೂಯಿಸ್ ಎಂಬ ಸ್ವಂತ ಹೆಸರಿದೆಯೆಂದು ನಮಗೆ ತಿಳಿಯುವದು, ಕೋಣೆಯೊಳಗೆ ಆಕೆಗೆ ಆ ಹೊಸ ಎಣಿಕೆಯು ಹುಟ್ಟಿದ ಮೇಲೆ, ಸಹೋದರಿಯು ಬಾಗಿಲಿನ ಹೊರಗಿನಿಂದ ಕೂಗಿದಾಗ.

ನಿರೂಪಣೆಯ ಕ್ರಮವು ಬೇರೆ ಬೇರೆ. ಓ. ಹೆನ್ರಿಯು ನಮ್ಮ ಪಕ್ಕದಲ್ಲಿಯೇ ಕುಳಿತು ಹಾಸ್ಯ ಮಾಡುತ್ತಾ ಕಥೆ ಹೇಳುವನು. ಕೊನೆಗೆ, ಮತ್ತಾಯನ ಸುವಾರ್ತೆಯಲ್ಲಿ ಶಿಶುವಾದ ಯೇಸುವಿಗೆ ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದ ಮೂಡಣ ದೇಶದ ಜೋಯಿಸರನ್ನು ನೆನಪಿಗೆ ತಂದು, ಈ ಅವಿವೇಕಿ ದಂಪತಿಗಳೇ ವಿವೇಕಿಗಳೆಂದು ತೀರ್ಪು ಕೊಡುವನು. ಶೋಪ್ಯಾನಳು ಲೂಯಿಸಳ ಮನಸ್ಸಿನೊಳಕ್ಕೆ ನಮ್ಮನ್ನು ಕರೆದೊಯ್ದು, ಕೊನೆಯಲ್ಲಿ ವೈದ್ಯರ ಮಾತನ್ನಷ್ಟೇ ತಿಳಿಸಿ ಸುಮ್ಮನಾಗುವಳು.

ಎರಡೂ ವಿಪರ್ಯಾಸದಲ್ಲಿಯೇ ಮುಗಿಯುತ್ತವೆ. ಆದರೆ ಜಿಮ್ಮನೂ ಡೆಲ್ಲಾಳೂ ನಡೆದದ್ದೆಲ್ಲವನ್ನೂ ಪರಸ್ಪರ ತಿಳಿದುಕೊಳ್ಳುತ್ತಾರೆ. ಕಾಣಿಕೆಗಳು ಉಪಯೋಗಕ್ಕೆ ಬಾರದೆ ಹೋದರೂ ಪ್ರೀತಿಯು ಕಣ್ಣಿಗೆ ಕಾಣುತ್ತದೆ. ಲೂಯಿಸಳ ಮನಸ್ಸನ್ನು ಗಂಡನೂ ಅರಿಯನು, ಸಹೋದರಿಯೂ ಅರಿಯಳು, ವೈದ್ಯರೂ ಅರಿಯರು. ಓದಿದವರಿಗೆ ಮಾತ್ರ ಅದು ಗೊತ್ತು.

ಈಗ ಆ ತಾಯಿಯವರ ಪ್ರಶ್ನೆಗೆ ಬರೋಣ. ಲೂಯಿಸಳು ಗಂಡನ ಮರಣಕ್ಕಾಗಿ ಹಿಗ್ಗುವದಿಲ್ಲ. ಅವನು ಕ್ರೂರಿಯಲ್ಲ, ಅವನ ಕೋಮಲವಾದ ಕೈಗಳನ್ನು ಶವದ ಮೇಲೆ ಕಂಡಾಗ ಮತ್ತೆ ಅಳುವೆನೆಂದು ಆಕೆಗೆ ಗೊತ್ತು. ಆಕೆಗೆ ಬಿಡುಗಡೆಯೆನಿಸುವದು, ಇನ್ನು ಮೇಲೆ ತನ್ನ ಇಷ್ಟವನ್ನು ಬೇರೊಬ್ಬರ ಇಷ್ಟಕ್ಕೆ ಬಗ್ಗಿಸಬೇಕಾಗಿಲ್ಲವೆಂಬುದರಿಂದ. ಪ್ರೀತಿಯಿಂದ ಹೇರಿದರೂ ಹೇರಿಕೆಯು ಹೇರಿಕೆಯೇ ಎಂಬುದು ಈ ಕಥೆಯ ತಾತ್ಪರ್ಯ. ಬರೆದಾಕೆಯು ಇಂಥ ದುಃಖವನ್ನು ಹಗುರವಾಗಿ ಎಣಿಸತಕ್ಕವಳಲ್ಲ: ಆಕೆಯ ತಂದೆಯು 1855ರಲ್ಲಿ ರೈಲು ಸೇತುವೆಯು ಕುಸಿದು ತೀರಿಹೋದನು, 1882ರಲ್ಲಿ ಆಕೆಯು ಆರು ಮಂದಿ ಮಕ್ಕಳೊಡನೆ ವಿಧವೆಯಾದಳು.

ಡೆಲ್ಲಾಳು ಕೂದಲನ್ನು ಮಾರಿದ್ದು ಯಾರ ಬಲವಂತದಿಂದಲೂ ಅಲ್ಲ; ಆದಕಾರಣವೇ ಅದು ಕಾಣಿಕೆಯಾಯಿತು. ತ್ಯಾಗವನ್ನು ನಾವು ಹೆಣ್ಣುಮಕ್ಕಳಿಗೆ ಧಾರಾಳವಾಗಿ ಬೋಧಿಸುತ್ತೇವೆ, ಮನೆಯಲ್ಲಿ ನೀವು, ಶಾಲೆಯಲ್ಲಿ ನಾವು. ಅದರೊಡನೆ ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ಹೊಣೆಯೂ ನಮ್ಮದಾಗಿದೆ. ಇದಕ್ಕಾಗಿಯೇ ಎರಡು ಕಥೆಗಳನ್ನೂ ಜೊತೆಯಾಗಿ ಓದಿಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಗೃಹಿಣಿಯರೂ ತಾಯಂದಿರೂ ಆಗಿ ಇವುಗಳನ್ನು ಮತ್ತೊಮ್ಮೆ ಓದುವದಾದರೆ, ತರಗತಿಯಲ್ಲಿ ಕಾಣದಿದ್ದದ್ದು ಈಗ ಕಾಣುವದೆಂದು ನಂಬುತ್ತೇನೆ.