ಬೆಳೆ ಕೈಕೊಟ್ಟಾಗ ಮನಸ್ಸಿನ ಲೆಕ್ಕವನ್ನು ಪರೀಕ್ಷಿಸಿ

ಬೇಸಾಯವು ಮಳೆ, ರೋಗ ಮತ್ತು ಪೇಟೆಯ ಧಾರಣೆಗಳಿಗೆ ಕಟ್ಟುಬಿದ್ದಿರುವ ಕಸಬು. ಇವುಗಳಲ್ಲಿ ಯಾವುದೊಂದು ಏರುಪೇರಾದರೂ ರೈತನ ಆದಾಯ ಕುಗ್ಗುತ್ತದೆ. ಬೆಳೆಯ ನಷ್ಟವನ್ನು ನಾವು ಕ್ವಿಂಟಾಲುಗಳಲ್ಲಿ ಅಳೆಯುತ್ತೇವೆ. ಆದರೆ ಅದರ ಜೊತೆಗೇ ಮನಸ್ಸಿಗೆ ಬೀಳುವ ಪೆಟ್ಟನ್ನು ಅಳೆಯುವವರಿಲ್ಲ. ನಿದ್ರೆ ಕೆಡುತ್ತದೆ, ಊಟ ಸೇರುವುದಿಲ್ಲ, ಮಾಡಬೇಕಾದ ಕೆಲಸ ಹಿಂದೆ ಬೀಳುತ್ತದೆ. ಹದ ತಪ್ಪಿದ ಕೆಲಸದಿಂದ ಮುಂದಿನ ಬೆಳೆಯೂ ಕೆಡುತ್ತದೆ. ಆದುದರಿಂದ ನಾವು ಆಲೋಚಿಸುವ ಕ್ರಮದ ಕಡೆಗೂ ಬೇಸಾಯ ಕ್ರಮಗಳಷ್ಟೇ ಗಮನ ಕೊಡಬೇಕಾದುದು ಅವಶ್ಯಕ.

ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ

ಕಲಬುರಗಿ ಸೀಮೆಯ ತೊಗರಿ ಬೆಳೆಗಾರರಿಗೆ ಸೊರಗು ರೋಗದ ಪರಿಚಯ ಚೆನ್ನಾಗಿಯೇ ಇದೆ. ಇದನ್ನೇ ನೆಟೆ ರೋಗವೆಂದೂ ಕರೆಯುವರು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಚೆನ್ನಾಗಿದ್ದ ಗಿಡಗಳು ಬಾಡಿ ಒಣಗುತ್ತವೆ. ಇದನ್ನು ಕಂಡ ರೈತನ ಮನಸ್ಸಿನಲ್ಲಿ ಒಂದರ ಹಿಂದೊಂದು ಮಾತು ಏಳುತ್ತದೆ: "ಹೊಲವೆಲ್ಲ ಹೋಯಿತು. ನನ್ನ ಹಣೆಬರಹವೇ ಇಷ್ಟು. ಇನ್ನು ನನ್ನಿಂದ ಏನೂ ಆಗದು." ಇಲ್ಲಿ ಕಣ್ಣಿಗೆ ಕಂಡದ್ದು ಬಾಡಿದ ಗಿಡಗಳು ಮಾತ್ರ. ಈ ಮೂರು ಮಾತುಗಳೂ ಮನಸ್ಸು ತಾನಾಗಿ ಸೇರಿಸಿದವು.

ಅಮೆರಿಕದ ಮನೋವೈದ್ಯ ಆರನ್ ಬೆಕ್ (1921–2021) ಅವರು 1960ರ ದಶಕದಲ್ಲಿ ಈ ವಿಷಯವನ್ನು ವಿವರವಾಗಿ ಅಭ್ಯಾಸ ಮಾಡಿದರು. ಖಿನ್ನತೆಗೆ ಒಳಗಾದವರಲ್ಲಿ ತನ್ನ ಬಗ್ಗೆ, ಸುತ್ತಲಿನ ಲೋಕದ ಬಗ್ಗೆ ಮತ್ತು ಮುಂದಿನ ದಿನಗಳ ಬಗ್ಗೆ ಕೆಟ್ಟ ಆಲೋಚನೆಗಳು ತಾವಾಗಿಯೇ ಏಳುತ್ತವೆ ಎಂಬುದನ್ನು ಅವರು ಗುರುತಿಸಿದರು. ಇಂಥ ಆಲೋಚನೆಗಳನ್ನು ಸತ್ಯವೆಂದು ನಂಬುವ ಮೊದಲು ಪರೀಕ್ಷೆಗೆ ಒಡ್ಡುವುದೇ ಅವರು ರೂಪಿಸಿದ ಚಿಕಿತ್ಸೆಯ ತಿರುಳು. ಈ ಕ್ರಮ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಸಾಮಾನ್ಯವಾಗಿ ಕಾಣುವ ತಪ್ಪು ಲೆಕ್ಕಗಳು

1. ಒಂದು ಸಾಲನ್ನು ನೋಡಿ ಇಡೀ ಹೊಲದ ತೀರ್ಪು ಕೊಡುವುದು.
2. ಪೂರ್ತಿ ಬೆಳೆ ಬರಬೇಕು, ಇಲ್ಲವಾದರೆ ಎಲ್ಲವೂ ಹೋದಂತೆ ಎಂದು ತಿಳಿಯುವುದು.
3. ಈ ವರ್ಷ ಹೀಗಾಯಿತು, ಇನ್ನು ಎಂದೂ ಹೀಗೆಯೇ ಎಂದು ನಿರ್ಧರಿಸುವುದು.
4. ಮಳೆ ಬಾರದುದಕ್ಕೂ ಧಾರಣೆ ಕುಸಿದುದಕ್ಕೂ ತನ್ನನ್ನೇ ದೂಷಿಸಿಕೊಳ್ಳುವುದು.
5. ಯಾರೂ ಏನೂ ಅನ್ನದಿದ್ದರೂ "ಊರವರೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದಾರೆ" ಎಂದು ಭಾವಿಸುವುದು.

ಪರೀಕ್ಷಿಸುವ ಕ್ರಮ

ಖರ್ಚುವೆಚ್ಚ ಬರೆಯುವ ಪುಸ್ತಕದಲ್ಲೇ ಒಂದು ಹಾಳೆಯನ್ನು ಇದಕ್ಕಾಗಿ ಇಡಬಹುದು. ಎಡಗಡೆ ಮನಸ್ಸು ಹೇಳಿದ ಮಾತು, ಬಲಗಡೆ ಅದಕ್ಕೆ ಸಿಕ್ಕ ಆಧಾರ.

"ಹೊಲವೆಲ್ಲ ಹೋಯಿತು" ಎಂಬ ಮಾತನ್ನೇ ತೆಗೆದುಕೊಳ್ಳೋಣ. ಹೊಲದ ನಾಲ್ಕೈದು ಕಡೆ ತಲಾ 100 ಗಿಡ ಎಣಿಸಿ, ಬಾಡಿದವು ಎಷ್ಟೆಂದು ಬರೆಯಬೇಕು. ನೂರಕ್ಕೆ 20 ಬಾಡಿದ್ದರೆ 80 ಇನ್ನೂ ನಿಂತಿವೆ. ಅವುಗಳಿಗೆ ಆರೈಕೆ ಬೇಕು. "ನನ್ನ ಹಣೆಬರಹ" ಎಂಬ ಮಾತಿಗೆ ಬಾಡಿದ ಗಿಡದ ಕಾಂಡವನ್ನು ಸೀಳಿ ನೋಡಬೇಕು. ಒಳಗೆ ಕಪ್ಪು ಗೆರೆಗಳಿದ್ದರೆ ಅದು ಸೊರಗು ರೋಗದ ಗುರುತು. ಅದಕ್ಕೆ ಕಾರಣ ಮಣ್ಣಿನಲ್ಲಿ ಹಲವು ವರ್ಷ ಉಳಿಯುವ ಒಂದು ಶಿಲೀಂಧ್ರ. "ನನ್ನಿಂದ ಏನೂ ಆಗದು" ಎಂಬುದಕ್ಕೂ ಉತ್ತರವಿದೆ. ರೋಗ ನಿರೋಧಕ ತಳಿಯನ್ನು ಆರಿಸುವುದು, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮದಿಂದ ಬೀಜೋಪಚಾರ ಮಾಡುವುದು, ಜೋಳದೊಡನೆ ಬೆಳೆ ಪರಿವರ್ತನೆ ಮಾಡುವುದು, ಇವೆಲ್ಲ ಮುಂದಿನ ಹಂಗಾಮಿಗೆ ರೈತನ ಕೈಯಲ್ಲೇ ಇರುವ ಕ್ರಮಗಳು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸರಿಯಾಗಿ ಆಲೋಚಿಸುವುದೆಂದರೆ ಸುಳ್ಳು ಸಮಾಧಾನ ತಂದುಕೊಳ್ಳುವುದಲ್ಲ. ನೂರಕ್ಕೆ 80 ಗಿಡ ಬಾಡಿದ್ದರೆ 80 ಎಂದೇ ಬರೆಯಬೇಕು. ಸಾಲವಿದ್ದರೆ ಅಸಲು ಬಡ್ಡಿಗಳನ್ನು ಕೂಡಿಸಿಯೇ ಬರೆಯಬೇಕು. ಬರೆದ ಸಾಲಕ್ಕೆ ಒಂದು ಅಂಕಿ ಇರುತ್ತದೆ. ಬರೆಯದ ಸಾಲ ರಾತ್ರಿಯ ಹೊತ್ತು ಬೆಳೆಯುತ್ತಲೇ ಹೋಗುತ್ತದೆ.

ಕೈಯಲ್ಲಿರುವುದು, ಕೈಮೀರಿದ್ದು

ಮಳೆಯನ್ನು ತರಿಸುವುದು, ಧಾರಣೆಯನ್ನು ಏರಿಸುವುದು ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಬೆಳೆ ವಿಮೆ ಮಾಡಿಸಿದ್ದರೆ, ಆಲಿಕಲ್ಲಿನಂಥ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸುವುದು ಆಗುವ ಕೆಲಸ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆಯ ಬಗ್ಗೆ ವಿಚಾರಿಸುವುದೂ ಆಗುವ ಕೆಲಸ. ಚಿಂತೆಗೆ ಸಂಜೆ ಅರ್ಧ ಗಂಟೆಯನ್ನು ಗೊತ್ತುಮಾಡಿ, ಮನೆಯವರೊಡನೆ ಕುಳಿತು ಪುಸ್ತಕ ತೆರೆದು ಮಾತನಾಡುವುದು ಒಳ್ಳೆಯದು. ರಾತ್ರಿ ಎಚ್ಚರವಾದಾಗ ಅದೇ ಚಿಂತೆ ಎದ್ದರೆ "ಇದು ನಾಳೆ ಸಂಜೆಯ ಲೆಕ್ಕ" ಎಂದು ಬದಿಗಿರಿಸಲು ಅಭ್ಯಾಸ ಮಾಡಬೇಕು. ಮನೆಯ ಹೆಣ್ಣುಮಕ್ಕಳೂ ಇದೇ ಭಾರವನ್ನು ಹೊತ್ತಿರುತ್ತಾರೆಂಬುದನ್ನು ಮರೆಯಬಾರದು.

ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣವೆಂದು ಕಾಯುವುದು ತಪ್ಪು. ಒಂದು ಬದು ಸರಿಪಡಿಸುವುದು, ದನಗಳ ಮೈ ತೊಳೆಯುವುದು, ಸ್ನೇಹಿತರ ಹೊಲದ ತನಕ ನಡೆದುಬರುವುದು, ಹೀಗೆ ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತುಮಾಡಿ ಮುಗಿಸಿದರೆ ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ. ಕುಡಿತವು ದುಃಖವನ್ನು ಮರೆಸುವಂತೆ ಕಂಡರೂ ನಿದ್ರೆಯನ್ನೂ ಮನಸ್ಸನ್ನೂ ಕೆಡಿಸುತ್ತದೆ.

ವೈದ್ಯರ ನೆರವು ಯಾವಾಗ ಬೇಕು?

ಎರಡು ವಾರಕ್ಕೂ ಮೇಲ್ಪಟ್ಟು ಬೇಸರ ಬಿಡದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ವೈದ್ಯರನ್ನು ಕಾಣಬೇಕು. ಬದುಕುವುದು ಬೇಡವೆಂಬ ಮಾತು ಮನಸ್ಸಿಗೆ ಬಂದರೆ ಒಂದು ದಿನವೂ ತಡಮಾಡಬಾರದು. ಇದು ಜ್ವರದಂತೆಯೇ ಒಂದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ. ನಾಚಿಕೆಪಡಬೇಕಾದುದು ಏನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಇದರ ಬಗ್ಗೆ ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆಗೆ ಹಣ ತೆರಬೇಕಾಗಿಲ್ಲ.

ಮನೆಯಲ್ಲಿ ಯಾರಾದರೂ ಹೀಗೆ ನೊಂದಿರುವಾಗ ಅವರನ್ನು ಒಂಟಿಯಾಗಿ ಬಿಡಬಾರದು. ಪೀಡೆನಾಶಕಗಳನ್ನು ಮನೆಯಲ್ಲಿ ತೆರೆದಿಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಬೇರೊಬ್ಬರ ವಶಕ್ಕೆ ಕೊಡಬೇಕು. ಗಂಡಾಂತರದ ಆ ಕೆಲವು ಗಳಿಗೆಗಳು ಕಳೆದರೆ ಜೀವ ಉಳಿಯುತ್ತದೆ.

ಬೀಜವನ್ನು ಮೊಳಕೆ ನೋಡದೆ, ಮಣ್ಣನ್ನು ಪರೀಕ್ಷೆ ಮಾಡಿಸದೆ ನಾವು ತೀರ್ಮಾನಕ್ಕೆ ಬರುವುದಿಲ್ಲ. ನಮ್ಮ ಬಗ್ಗೆ ಮನಸ್ಸು ಹೇಳುವ ಮಾತಿಗೂ ಇದೇ ನಿಯಮವನ್ನು ಅನ್ವಯಿಸತಕ್ಕದ್ದು. ಹಂಗಾಮು ಕೆಟ್ಟರೆ ಇನ್ನೊಂದು ಹಂಗಾಮು ಬರುತ್ತದೆ. ಅದನ್ನು ಬಿತ್ತಲು ರೈತನಿರಬೇಕು.